ಮೆಚ್ಚುಗೆಗೂ ಕಾರಣ ಬೇಕು

'ಪುಸ್ತಕ ಹೇಗಿದೆ?' ಎಂದು ಕೇಳಿದರೆ ನಾವು 'ಚೆನ್ನಾಗಿದೆ' ಎಂದು ಸುಮ್ಮನಾಗುತ್ತೇವೆ. ಏಕೆ ಚೆನ್ನಾಗಿದೆ ಎಂದು ಹೇಳಿದಾಗಲೇ ಅದು ಅಭಿಪ್ರಾಯವಾಗುತ್ತದೆ. ನಾನು ಓದಿದ ಮೂರು ಪುಸ್ತಕಗಳ ಬಗ್ಗೆ ಮನಬಿಚ್ಚಿ ಹೇಳುತ್ತೇನೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಐದು ನೂರು ವರ್ಷಗಳ ಹಿಂದಿನ ಲಿಸ್ಬನ್, ವಿಜಯನಗರ, ಗೋವೆಗಳನ್ನು ಒಂದೇ ಕಾದಂಬರಿಯಲ್ಲಿ ಹೆಣೆಯುತ್ತದೆ. ಮತದ ಹೆಸರಿನ ಕ್ರೌರ್ಯಕ್ಕೆ ಸಿಕ್ಕಿದ ಸಾಮಾನ್ಯರ ಬದುಕು ಮನ ಕಲಕುತ್ತದೆ. ಆದರೆ ವಿವರಗಳ ಭಾರದಿಂದ ಕೆಲವೆಡೆ ಕತೆ ನಿಧಾನವಾಗುತ್ತದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಪುಟ್ಟ ಕಾದಂಬರಿ. ಬಿಡಿಸಲಾಗದ ಸಿಕ್ಕಿಗೆ ಮಕ್ಕಳು ಕಟ್ಟಿದ ಮಾತೇ ಇದರ ಹೆಸರು. ಮಗ್ಗಗಳ ಊರಾದ ಇಚಲಕರಂಜಿಯವರಿಗೆ ನೂಲಿನ ಸಿಕ್ಕು ಹೊಸದಲ್ಲ. ಇಲ್ಲಿ ಸಿಕ್ಕಾಗುವುದು ದಿಢೀರನೆ ಹಣ ಕಂಡ ಕುಟುಂಬ. ಕೊನೆಯನ್ನು ಲೇಖಕರು ಬಿಡಿಸಿ ಹೇಳುವುದಿಲ್ಲ. ನನಗೆ ಅದೇ ಇಷ್ಟವಾಯಿತು.

ಬಾನು ಮುಷ್ತಾಕರ ಕತೆಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕೆಲವೆಡೆ ಲೇಖಕಿಯೇ ನಿಂತು ವಾದಿಸಿದಂತೆ ತೋರುತ್ತದೆ. ಆದರೂ ಮನೆಯೊಳಗಿನ ಹೆಣ್ಣಿನ ನೋವನ್ನು ಇಷ್ಟು ಹತ್ತಿರದಿಂದ ಕಾಣಿಸುವ ಕತೆಗಳು ವಿರಳ. ಪ್ರಶಸ್ತಿಗಾಗಿ ಅಲ್ಲ, ಇದಕ್ಕಾಗಿ ಓದಿರಿ.

ಕೊಲ್ಹಾಪುರದಲ್ಲಿ 1850ರಿಂದಲೂ ಕರವೀರ ನಗರ ವಾಚನ ಮಂದಿರವಿದೆ. ಗಡಹಿಂಗ್ಲಜದ ನಮ್ಮಂಥವರಿಗೆ ಮರಾಠಿ ಪುಸ್ತಕ ಸುಲಭವಾಗಿ ಸಿಗುತ್ತದೆ. ಕನ್ನಡದ್ದನ್ನು ಹೇಳಿ ತರಿಸಿಕೊಳ್ಳಬೇಕು. ಯಾವುದನ್ನು ತರಿಸಬೇಕು? ಓದಿದವರ ಪ್ರಾಮಾಣಿಕ ಮಾತೇ ನಮಗೆ ದಾರಿ. ಎಲ್ಲವನ್ನೂ ಹೊಗಳಿದರೆ ಆ ದಾರಿ ತಪ್ಪುತ್ತದೆ. ನೀವೂ ಓದಿರಿ, ನನ್ನ ಮಾತು ಒಪ್ಪಿಗೆಯಾಗದಿದ್ದರೆ ಕಾರಣ ಸಹಿತ ಹೇಳಿರಿ.