ಪ್ರತಿಷ್ಠೆಗೆ ಅಕ್ಕಿ ಅಳೆಯುವವರುಂಟೆ?

“ಗುಮಾಸ್ತರಿಗೇನು ಕಷ್ಟ? ಫ್ಯಾನಿನ ಕೆಳಗೆ ಕುರ್ಚಿ, ತಿಂಗಳಾದರೆ ಸಂಬಳ” ಎಂಬ ಮಾತನ್ನು ನಮ್ಮ ಗಿರಣಿ ಬಾಂಧವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇವೆ. ಪೇಟೆಯ ಅಂಗಡಿಕಾರರೂ ಅದಕ್ಕೆ ತಲೆದೂಗುತ್ತಾರೆ. ಈ ಮಾತಿಗೆ ಹಿಗ್ಗುವವರು ಯಾರು ಬಲ್ಲಿರಾ? ಗುಮಾಸ್ತರ ಮಾಲೀಕರು!

ಅಮೆರಿಕದ ನ್ಯೂ ಹೇವನ್ ಪಟ್ಟಣದ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1984ರಲ್ಲಿ ನಡೆದುದನ್ನು ಇಂಥವರು ಕೇಳಬೇಕು. ಆ ಹೆಸರೇ ಮದರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರಾಗಿದ್ದು ಸಂಪತ್ತು ಕೂಡಿಹಾಕಿದ ಎಲೈಹು ಯೇಲನದು. 1718ರಲ್ಲಿ ಅವನು ಕಳಿಸಿದ ಒಂಬತ್ತು ಗಂಟು ಸರಕು ಮಾರಿ ಬಂದ ಹಣಕ್ಕೆ ಆ ವಿದ್ಯಾಲಯ ಅವನ ಹೆಸರಿಟ್ಟುಕೊಂಡಿತು. ಕಂಪನಿಯ ಆ ಕೋಟೆ ಬದುಕಿದ್ದು ದಕ್ಷಿಣದ ನೇಕಾರರ ಬಟ್ಟೆಯ ವ್ಯಾಪಾರದಿಂದ. ಆದ್ದರಿಂದ ಅಲ್ಲಿಯ ಲೆಕ್ಕ ಕೇಳಲು ಮಗ್ಗದವರಿಗೂ ಹಕ್ಕುಂಟೆಂದು ನಾವು ಭಾವಿಸುತ್ತೇವೆ.

1984ರಲ್ಲಿ ಆ ಸಂಸ್ಥೆಯ ಇಡುಗಂಟು ನೂರು ಕೋಟಿ ಡಾಲರಿಗೂ ಮೇಲು. ಅಲ್ಲಿಯ ಗುಮಾಸ್ತೆ ಹಾಗೂ ತಾಂತ್ರಿಕ ನೌಕರರು ಸುಮಾರು 2,600 ಮಂದಿ, ಬಹುಪಾಲು ಹೆಂಗಸರು. ಅವರ ಸರಾಸರಿ ಸಂಬಳ ವರ್ಷಕ್ಕೆ ಸುಮಾರು 13,000 ಡಾಲರ್. ಅದೇ ಸಂಸ್ಥೆಯ ಲಾರಿ ಓಡಿಸುವ ಗಂಡಸರಿಗೆ 18,000ಕ್ಕೂ ಹೆಚ್ಚು. ಚಾಲಕರಿಗೆ ಹೆಚ್ಚಾಯಿತೆಂದು ಈ ಹೆಂಗಸರು ಹೇಳಲಿಲ್ಲ. ತಮ್ಮ ಕೆಲಸಕ್ಕೆ ಬೆಲೆ ಏಕೆ ಕಡಿಮೆ ಎಂದು ಕೇಳಿದರು. ದೊರೆಗಳ ಉತ್ತರ: ಅದು ಪೇಟೆಯ ದರ!

ಪೇಟೆಯ ದರ! ಊರಿನಲ್ಲಿ ಕೊಳ್ಳುವ ದೊಡ್ಡ ಸಾಹುಕಾರ ಒಬ್ಬನೇ ಇದ್ದರೆ ದರ ಕಟ್ಟುವವನು ಯಾರೆಂದು ನಮ್ಮ ಸಣ್ಣ ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕೆ? ನ್ಯೂ ಹೇವನ್‌ನಲ್ಲಿ ಕೆಲಸ ಕೊಡುವ ದೊಡ್ಡ ಧಣಿ ಆ ವಿಶ್ವವಿದ್ಯಾನಿಲಯವೇ. ಇಂಥ ಘನಸಂಸ್ಥೆಯಲ್ಲಿ ದುಡಿಯುವ ಗೌರವವೂ ಸಂಬಳದ ಭಾಗವಂತೆ. ಆ ಗೌರವಕ್ಕೆ ಯಾವ ಅಂಗಡಿಯಲ್ಲಿ ಅಕ್ಕಿ ಅಳೆಯುತ್ತಾರೆ?

ಮುಷ್ಕರ ಒಂದೇ ದಿನದಲ್ಲಿ ಹುಟ್ಟಲಿಲ್ಲ. ಮೇಜಿನಿಂದ ಮೇಜಿಗೆ, ಒಬ್ಬೊಬ್ಬರನ್ನೇ ಮಾತಾಡಿಸಿ ಸಂಘ ಕಟ್ಟಿದರು. 1983ರ ಮೇ ತಿಂಗಳ ಮತದಾನದಲ್ಲಿ ಗೆದ್ದದ್ದು ಕೇವಲ 39 ಮತಗಳಿಂದ. ಅಷ್ಟು ತೆಳುವಾದ ಗೆಲುವು ಹಿಡಿದುಕೊಂಡು ದುಡುಕಲಿಲ್ಲ. ಉಳಿದರ್ಧ ಜನರ ಬಳಿಗೆ ಮತ್ತೆ ಹೋದರು. 1984ರ ಸೆಪ್ಟೆಂಬರ್ 26ರಂದು ಹೊರಬಂದರು.

ಗಿರಣಿಯವರು ಗಮನಿಸಬೇಕಾದ ಸಂಗತಿ ಮುಂದಿನದು. ಅಡಿಗೆಯವರು, ಕಸಗುಡಿಸುವವರು, ರಿಪೇರಿ ಕೆಲಸದವರದು ಅಲ್ಲಿ ಬೇರೆ ಸಂಘ. “ಇದು ಕುರ್ಚಿಯವರ ಜಗಳ, ನಮಗೇಕೆ” ಎನ್ನದೆ ಅವರಲ್ಲಿ ಬಹುಮಂದಿ ಕೂಲಿ ಬಿಟ್ಟು ಹೊರಗೆ ನಿಂತರು. ಊಟದ ಮನೆಗಳು ಮುಚ್ಚಿದವು. ವಿದ್ಯಾರ್ಥಿಗಳ ಕೈಗೆ ಕಾಸು ಕೊಟ್ಟು ಪೇಟೆಯಲ್ಲಿ ಉಣ್ಣಿರಿ ಎನ್ನಬೇಕಾಯಿತು. (ಹೋಟೆಲಿನವರಿಗೆ ಮಾತ್ರ ಸುಗ್ಗಿ!) ನವೆಂಬರಿನಲ್ಲಿ ಒಂದೇ ದಿನ 400ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು.

ಹತ್ತು ವಾರಗಳಾದ ಮೇಲೆ, ಡಿಸೆಂಬರಿನಲ್ಲಿ, ಒಪ್ಪಂದವಿಲ್ಲದೆಯೇ ಕೆಲಸಕ್ಕೆ ಮರಳಿದರು. ಸೋತರೆಂದು ನಕ್ಕವರ ಲೆಕ್ಕ ತಪ್ಪಿತು. ಕೈಕೆಲಸದವರ ಕರಾರು ಮುಗಿಯುವುದು ಜನವರಿಯಲ್ಲಿ. ಆಗ ಎರಡು ಸಂಘಗಳೂ ಒಟ್ಟಿಗೆ ಏಳಬಹುದಿತ್ತು. 1985ರ ಅದೇ ಜನವರಿಯಲ್ಲಿ ಆಡಳಿತ ಮಂಡಳಿ ಸಂಬಳ ಏರಿಸಿ ರಾಜಿಯಾಯಿತು.

ನಮ್ಮ ಕಡೆಯ ಕಛೇರಿಗಳಲ್ಲೂ ಇಂದು ಒಂದೇ ಮೇಜಿನ ಆಚೆ ಕಾಯಂ ನೌಕರ, ಈಚೆ ಹೊರಗುತ್ತಿಗೆಯ ಹೆಣ್ಣುಮಗಳು. ಕೆಲಸ ಒಂದೇ, ಸಂಬಳ ಬೇರೆ. ಅಂಥವರು ನಾಳೆ ಮುಷ್ಕರದ ನೋಟೀಸು ಕೊಟ್ಟರೆ, ಅಂಕಪಟ್ಟಿ ತಡವಾಯಿತೆಂದು ನಮ್ಮ ಮಕ್ಕಳನ್ನೇ ಅವರ ಮೇಲೆ ಛೂ ಬಿಡುವರು. ಗಿರಣಿ ಬಾಂಧವರೇ, ಆಗ ನೀವು ಗೇಟಿನ ಯಾವ ಕಡೆ ನಿಲ್ಲುವಿರಿ? ಅಂಗಡಿಯವರೇ, ಅವರ ಸಂಬಳ ಏರಿದರೆ ಮೊದಲು ತೀರುವುದು ನಿಮ್ಮ ಉದ್ರಿ ಪುಸ್ತಕದ ಬಾಕಿಯಲ್ಲವೆ?