ಭೋರಿನ ಓಲೆ: ಗಾಡಿಯನ್ನು ತಗ್ಗಿಸಬೇಕೇ?

ಅಕ್ಕನ ಮಗ ಹಳೆಯ ಕಾರೊಂದನ್ನು ಕೊಂಡಿದ್ದಾನೆ. ಸಾಲವಿನ್ನೂ ತೀರಬೇಕು. ಅಷ್ಟರಲ್ಲಿ ಅವನಿಗೊಂದು ಹೊಸ ಯೋಚನೆ: "ಮಾಮಾ, ಗಾಡೀನ ಎರಡು ಇಂಚು ಕೆಳಗ ಇಳಸಬೇಕಂತ ಮಾಡೀನ್ರಿ. ಒಂದು ತಿಂಗಳ ಪಗಾರದಾಗ ಕೆಲಸ ಮುಗೀತದ." ವಾಚಕರಲ್ಲಿ ಅನೇಕರ ಮನೆಯಲ್ಲಿ ಇಂಥ ತರುಣರು ಇದ್ದಾರು. ಹುಡುಗಾಟವೆಂದು ತಳ್ಳಿಹಾಕುವುದು ಹಿರಿಯರಿಗೆ ಸುಲಭ. ಆದರೆ ಅವನ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ.

ತಿರುವಿನಲ್ಲಿ ಕಾರು ಹೊರಳುವಾಗ ಒಳಬದಿಯ ಗಾಲಿಗಳ ಭಾರ ಹೊರಬದಿಯ ಗಾಲಿಗಳ ಮೇಲೆ ಸರಿಯುತ್ತದೆ. ಎಷ್ಟು ಸರಿಯುವುದೆಂಬುದು ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಕಣಿಕೆ ಹೇರಿದ ಬಂಡಿ ಓರೆದಾರಿಯಲ್ಲಿ ಮಗುಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರವು ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆಯೆಂದು ಹಿಡಿಯೋಣ. 4 ಸೆಂಟಿಮೀಟರ್ ಇಳಿಸಿದರೆ ಹಾಗೆ ಸರಿಯುವ ಭಾರ ನೂರಕ್ಕೆ ಏಳರಷ್ಟು ತಗ್ಗುತ್ತದೆ. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಇದು ಅಲ್ಪ ಲಾಭವೇನಲ್ಲ. ನೋಡಲಿಕ್ಕೂ ಗಾಡಿ ಠೀವಿಯಿಂದ ಕಾಣುತ್ತದೆ. ಇಪ್ಪತ್ತೈದರ ಹುಡುಗನಿಗೆ ಅದೇ ದೊಡ್ಡ ಕಾರಣವೆಂಬುದನ್ನು ನಾವೇಕೆ ಮರೆಮಾಚಬೇಕು?

ಆದರೆ ಇಲ್ಲೊಂದು ಗುಟ್ಟಿದೆ. ಇಂದಿನ ಸಣ್ಣ ಕಾರುಗಳ ಮುಂಗಾಲಿಗಳಿಗೆ ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು ಇರುತ್ತದೆ. ಕಾರು ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೆಯೋ ಆ ಬಿಂದು, ಗಾಡಿಯನ್ನು ಇಳಿಸಿದಾಗ, ಗುರುತ್ವಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ತಗ್ಗಿಸಿದ ಗಾಡಿಯೇ ಹೆಚ್ಚು ವಾಲುವ ಪ್ರಸಂಗ ಬರುತ್ತದೆ. ಅದನ್ನು ತಡೆಯಲು ಸ್ಪ್ರಿಂಗು ಬಿರುಸಾಗಬೇಕು. ಸ್ಪ್ರಿಂಗು ಬಿರುಸಾದರೆ ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರು ಬೇಕು. ಗಾಲಿಗಳ ಓರೆಯೂ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಾಯರಿನ ಒಳ ಅಂಚು ಬೇಗನೆ ಸವೆಯುತ್ತದೆ. ಹುಡುಗ ಹೇಳಿದ ಒಂದು ತಿಂಗಳ ಪಗಾರದಲ್ಲಿ ಇವೆಲ್ಲ ಸೇರಿರಲಿಲ್ಲ!

ಅಗ್ಗದ ದಾರಿಯೂ ಉಂಟು: ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿಬಿಡುವುದು. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಉಳಿದ ಸ್ಪ್ರಿಂಗು ನೂರಕ್ಕೆ ಇಪ್ಪತ್ತರಷ್ಟು ಬಿರುಸಾಗುತ್ತದೆ. ಅದು ಹಾಗಿರಲಿ, ಕತ್ತರಿಸಿದ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕೂಡದೆ, ಗಾಲಿ ದೊಡ್ಡ ಗುಂಡಿಗೆ ಇಳಿದಾಗ ಕಳಚಿಕೊಳ್ಳಬಹುದು. ಕೆಲವರು ಗ್ಯಾಸಿನ ಉರಿಯಿಂದ ಕಾಸಿ ಕುಗ್ಗಿಸುತ್ತಾರೆ. ಉಕ್ಕಿನ ಹದ ಅಲ್ಲಿಗೆ ಕೆಟ್ಟಂತೆಯೇ. ಇವೆರಡನ್ನೂ ನಾನು ಖಂಡಿತವಾಗಿ ಬೇಡವೆನ್ನುತ್ತೇನೆ.

ಇನ್ನು ನಮ್ಮ ರಸ್ತೆಗಳ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕು. ಅಂಥ ಸೌಮ್ಯವಾದ ಉಬ್ಬನ್ನು ಭೋರಿನ ಸುತ್ತ ಹುಡುಕಿ ನೋಡಿರಿ! ಊರೂರಿನವರು ತಮ್ಮ ಮಕ್ಕಳ ರಕ್ಷಣೆಗಾಗಿ ತಾವೇ ಕಟ್ಟಿಕೊಂಡ ಉಬ್ಬುಗಳು ಗಿಡ್ಡಗೆ, ಕಡಿದಾಗಿ ಇರುತ್ತವೆ. ಅವರನ್ನು ಹೇಗೆ ದೂರುವುದು? ಮಳೆಗಾಲದಲ್ಲಿ ವರಂಧಾ ಘಾಟಿನ ಕಡೆಗೆ ಹೋದವರು ರಸ್ತೆಯ ಸ್ಥಿತಿಯನ್ನು ಬಲ್ಲರು. ಮೇಲಾಗಿ ನಮ್ಮ ಗಾಡಿಗಳು ಬರಿದಾಗಿ ಓಡುವುದು ಅಪರೂಪ. ದೀಪಾವಳಿಗೆ ಧಾರವಾಡಕ್ಕೋ ವಿಜಾಪುರಕ್ಕೋ ಹೊರಟರೆ ಐದು ಜನ, ಬರುವಾಗ ಜೋಳದ ಚೀಲ, ಶೇಂಗಾ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಹೇರಿದಾಗ ಗಾಡಿ ತಾನಾಗಿಯೇ ತಗ್ಗುತ್ತದೆ. ಮೊದಲೇ ತಗ್ಗಿಸಿದ್ದರೆ ಉಳಿಯುವುದೇನು? ಎಣ್ಣೆಯ ತಟ್ಟೆ ಉಬ್ಬಿಗೆ ಬಡಿದು ಒಡೆದರೆ ಎಣ್ಣೆಯೆಲ್ಲ ಸೋರಿಹೋಗಿ, ತಿಳಿಯದೆ ಓಡಿಸಿದವನ ಎಂಜಿನ್ನೂ ಹಾಳಾದೀತು.

ಇನ್ನೊಂದು ಸಂಗತಿಯನ್ನು ಗಂಡಸರು ಗಮನಿಸುವುದಿಲ್ಲ. ನಮ್ಮಕ್ಕನಿಗೆ ಮೊಳಕಾಲುನೋವು. ಔಷಧೋಪಚಾರಕ್ಕೆ ಕಾಪೂರಹೋಳದ ಮೇಲೆ ಪುಣೆಗೆ ಹೋಗಬೇಕಾದಾಗ ಈ ಕಾರೇ ಗತಿ. ತಗ್ಗಾದ ಆಸನದಿಂದ ಏಳುವುದೆಂದರೆ ನೆಲದ ಮೇಲಿನ ಮಣೆಯಿಂದ ಎದ್ದಂತೆ. ಬಿರುಸಾದ ಸ್ಪ್ರಿಂಗಿನ ಪ್ರತಿಯೊಂದು ಕುಲುಕೂ ಆಕೆಯ ಮೈಗೇ. ನನ್ನ ಮಟ್ಟಿಗೆ ತಕ್ಕಡಿ ಇಲ್ಲಿಯೇ ವಾಲಿತು.

ಕಾಯ್ದೆಯನ್ನೂ ನೋಡಬೇಕು, ಕಾರಕೂನನಾದ ನಾನು ಅದನ್ನು ಬಿಡಲಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ಗೊತ್ತುಮಾಡಿದೆ. ತಿಳಿಸದೆ ಮಾಡಿಸಿದರೆ ವಿಮೆಯವರು ತಕರಾರು ತೆಗೆಯಲೂ ಆಸ್ಪದವಾಗುತ್ತದೆ.

ಎತ್ತರವನ್ನು ಬೇಕಾದಂತೆ ಏರಿಸಿ ಇಳಿಸುವ ಕಾರನ್ನು ಫ್ರಾನ್ಸಿನ ಸಿಟ್ರೋಯೆನ್‌ನವರು 1955ರಲ್ಲಿಯೇ ಹೊರತಂದಿದ್ದರು. ಅಂಥ ಭಾಗ್ಯ ಎಲ್ಲರಿಗೂ ಇಲ್ಲ. ಗಾಡಿ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲಬೇಕೆನ್ನುವವರು ಮೊದಲು ಸವೆದ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಲಿ, ಒಳ್ಳೆಯ ಟಾಯರು ಹಾಕಿಸಿ ಗಾಳಿಯ ಒತ್ತಡವನ್ನು ಸರಿಯಾಗಿಡಲಿ. ಹಳೆಯ ಗಾಡಿಯಲ್ಲಿ ಇಷ್ಟರಿಂದಲೇ ಬಹಳ ವ್ಯತ್ಯಾಸ ಕಂಡುಬರುತ್ತದೆ. ಅಷ್ಟಾಗಿಯೂ ತಗ್ಗಿಸಲೇಬೇಕೆಂದರೆ ಮೊದಲು ಆರ್.ಟಿ.ಓ. ಕಚೇರಿಯಿಂದಲೂ ವಿಮೆಯವರಿಂದಲೂ ಲಿಖಿತ ಉತ್ತರ ಪಡೆಯಿರಿ. ಒಂದಕ್ಕೊಂದು ಹೊಂದುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನೇ ಕೊಳ್ಳಿರಿ. ಮುಂದೀಪಗಳ ಗುರಿಯನ್ನೂ ಸರಿಪಡಿಸಿಕೊಳ್ಳಿರಿ. ದುಡ್ಡು ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕೂಡಿಸಿ, ಚೀಲಗಳನ್ನೂ ಹೇರಿ, ಗಾಡಿಯ ಹೊಟ್ಟೆಯಿಂದ ನೆಲಕ್ಕೆ ಎಷ್ಟು ಅಂತರವಿದೆಯೆಂದು ಅಳೆದು ನೋಡಿರಿ.