ಕ್ಯಾನಿನ ಪಂಪಿಗೂ ಒಂದು ಮಾನದಂಡ ಬೇಕು

ಹತ್ತಿಗೋ ದ್ರಾಕ್ಷಿಗೋ ಔಷಧಿ ಹೊಡೆಯುವ ರೈತನ ಕೈಗೆ ವಿಷ ಅತಿ ತೀಕ್ಷ್ಣವಾಗಿ ತಾಗುವುದು ಸಿಂಪಡಿಸುವುದಕ್ಕೂ ಮೊದಲು, ಬೆರೆಸುವ ಹೊತ್ತಿನಲ್ಲಿ. ತುಂಬಿದ ಲೀಟರ್ ಬಾಟಲಿಯನ್ನು ಬಗ್ಗಿಸಿದರೆ ಮೊದಲು ಸಣ್ಣ ಧಾರೆ ಬರುತ್ತದೆ. ಒಳಗೆ ಗಾಳಿ ನುಗ್ಗುತ್ತಿದ್ದಂತೆ ಬುಳಕ್ ಎಂದು ಒಮ್ಮೆಲೇ ಉಕ್ಕುತ್ತದೆ. ಅಳತೆಗೆಂದು ಹಿಡಿದ ಮುಚ್ಚಳ ತುಂಬಿ ಬೆರಳ ಸಂದಿಗೆ ಹರಿಯುತ್ತದೆ. ಬಾಟಲಿ ನೆಟ್ಟಗೆ ಮಾಡಿದಾಗ ಬಾಯಲ್ಲಿ ಉಳಿದದ್ದು ಹೊರಮೈಗುಂಟ ಇಳಿದು ಅಂಗೈಗೆ ಅಂಟುತ್ತದೆ. ಕೈಗವಸು ಹಾಕಿಕೊಂಡವರು ಕಡಿಮೆ. ಲುಂಗಿಗೆ ಒರೆಸಿಕೊಂಡು ಕೆಲಸ ಮುಂದುವರಿಯುತ್ತದೆ.

ಇದನ್ನು ತಪ್ಪಿಸಲು ದೊಡ್ಡ ಯಂತ್ರ ಬೇಕಿಲ್ಲ. ಬಾಟಲಿಯ ಬಾಯಿಗೆ ತಿರುಪಿ ಕೂರಿಸುವಂಥ, ಒಂದು ಸಲ ಒತ್ತಿದರೆ ಇಷ್ಟೇ ಎಂದು ಅಳೆದು ಕೊಡುವ ಸಣ್ಣ ಕೈಪಂಪು ಸಾಕು. ಇದರ ಲೆಕ್ಕ ಹೈಸ್ಕೂಲಿನ ಗಣಿತ. ಎರಡು ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಪಿಸ್ಟನ್ 3.2 ಸೆಂಟಿಮೀಟರ್ ಸರಿದರೆ 10 ಮಿಲಿಲೀಟರ್ ಹೊರಬರುತ್ತದೆ. ಲೀಟರ್ ನೀರಿಗೆ 2 ಮಿಲಿಲೀಟರಿನಂತೆ ಬೆರೆಸಬೇಕಾದ ಔಷಧಿಯಾದರೆ 15 ಲೀಟರಿನ ಟ್ಯಾಂಕಿಗೆ ಮೂರು ಒತ್ತು. ಮುಚ್ಚಳದ ಅಂದಾಜೂ ಬೇಡ, ‘ಇನ್ನೊಂದು ಸ್ವಲ್ಪ ಇರಲಿ’ ಎಂಬ ಧಾರಾಳವೂ ಬೇಡ.

ಇಂಥ ಪಂಪಿನ ಅಗತ್ಯ ಹೊಲಕ್ಕಷ್ಟೇ ಸೀಮಿತವಲ್ಲ. ನಗರದ ಮನೆಗಳಲ್ಲಿ 20 ಲೀಟರಿನ ನೀರಿನ ಕ್ಯಾನು ಬಗ್ಗಿಸಲಾಗದೆ ಪಕ್ಕದ ಮನೆಯವರನ್ನು ಕರೆಯುವ ಹಿರಿಯರಿದ್ದಾರೆ. ಬ್ಯಾರಲ್ಲಿನಿಂದ ಡೀಸೆಲ್ ತೆಗೆಯಲು ಪೈಪನ್ನು ಬಾಯಿಗಿಟ್ಟು ಎಳೆಯುವವರು ಇಂದಿಗೂ ಇದ್ದಾರೆ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ಲುಗಳು ತೆಳುವಾದ ದ್ರವಗಳು. ಬಾಯಿಗೆ ಬಂದದ್ದು ಗಂಟಲಲ್ಲಿ ಕೆಮ್ಮು ಹುಟ್ಟಿಸಿ ಸಲೀಸಾಗಿ ಶ್ವಾಸಕೋಶಕ್ಕೆ ಜಾರುತ್ತದೆ. ಅಲ್ಲಿ ಹರಡಿ ಉರಿಯೂತ ತರುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ: ಮೇಲೆ ಬರುವಾಗ ಅದು ಮತ್ತೊಮ್ಮೆ ಶ್ವಾಸನಾಳಕ್ಕೆ ಇಳಿಯಬಹುದು.

ಜಪಾನಿನಲ್ಲಿ ಈ ಸಮಸ್ಯೆಗೆ ಬಲು ಅಗ್ಗದ ಉತ್ತರವೊಂದಿದೆ. ಚಳಿಗಾಲದಲ್ಲಿ ಸೀಮೆಎಣ್ಣೆ ಹೀಟರ್ ಉರಿಸುವ ಅಲ್ಲಿನ ಮನೆಗಳಲ್ಲಿ 18 ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ಜೊತೆಗೆ ಕೆಂಪು ತಲೆಯ ಪಂಪೊಂದು ಇರುತ್ತದೆ. ಒಂದು ಗಟ್ಟಿ ಕೊಳವೆ, ಒಂದು ಬಳುಕುವ ಕೊಳವೆ, ನಡುವೆ ಹಿಸುಕುವ ಗುಂಡು. ನಾಲ್ಕಾರು ಸಲ ಹಿಸುಕಿದರೆ ಎಣ್ಣೆ ಕೊಳವೆ ತುಂಬಿಕೊಳ್ಳುತ್ತದೆ. ಎಣ್ಣೆ ಬೀಳುವ ಪಾತ್ರೆ ಕೆಳಗಿದ್ದರೆ ಆಮೇಲೆ ಕೈ ಬಿಟ್ಟರೂ ತಾನಾಗಿ ಹರಿಯುತ್ತದೆ. ಸಾಕೆನಿಸಿದಾಗ ತಲೆಯ ಮೇಲಿನ ತಿರುಪನ್ನು ಸಡಿಲಿಸಬೇಕು. ಗಾಳಿ ಒಳಹೊಕ್ಕು ಹರಿವು ನಿಲ್ಲುತ್ತದೆ. ಅಲುಗುವ ಭಾಗವೆಂದರೆ ವಾಲ್ವು ಮಾತ್ರ. ಅಮ್ಮ ಸೋಯಾ ಸಾಸ್ ಸುರಿಯಲು ಪಡುತ್ತಿದ್ದ ಪಾಡು ನೋಡಿ ಶಾಲಾ ಹುಡುಗನಾಗಿದ್ದಾಗಲೇ ಇಂಥದೊಂದು ಪಂಪನ್ನು ಯೋಚಿಸಿದ್ದಾಗಿ ಅಲ್ಲಿನ ಸಂಶೋಧಕ ಯೋಶಿರೋ ನಕಮಾತ್ಸು ಹೇಳಿಕೊಂಡಿದ್ದಾರೆ.

ನಮ್ಮ ಪೇಟೆಯಲ್ಲೂ ನೂರಿನ್ನೂರು ರೂಪಾಯಿಗೆ ಕ್ಯಾನಿನ ಪಂಪು ಸಿಗುತ್ತದೆ. ಸಿಕ್ಕಿದ್ದು ಬಾಳುವುದಿಲ್ಲ ಎಂಬುದೇ ಗೋಳು. ಮಡಿಕೆ ಮಡಿಕೆಯಾದ ರಬ್ಬರಿನ ತಲೆ ಮಡಿಕೆಯಲ್ಲೇ ಸೀಳುತ್ತದೆ. ತಳದ ವಾಲ್ವಿನಲ್ಲಿ ಗಡಸು ನೀರಿನ ಬಿಳಿ ಪದರ ಕೂತು, ಎತ್ತಿದ ನೀರು ಹಿಂದಕ್ಕೆ ಇಳಿಯುತ್ತದೆ. ತೊಂದರೆ ಇಷ್ಟು ಚಿಕ್ಕದಾದರೂ ಬಿಚ್ಚಿ ತೊಳೆಯಲು ದಾರಿಯಿಲ್ಲ, ಏಕೆಂದರೆ ತಲೆಯನ್ನು ಅಂಟಿಸಿಯೇ ಕಳಿಸಿರುತ್ತಾರೆ. ಎರಡು ರೂಪಾಯಿಯ ವಾಷರ್ ಕೆಟ್ಟರೆ ಇಡೀ ಪಂಪು ಕಸದ ಬುಟ್ಟಿಗೆ. ಹೀಗೆ ವರ್ಷಕ್ಕೆರಡು ಕೊಳ್ಳುವ ಪಂಪನ್ನು ಅಗ್ಗ ಎನ್ನುವುದು ಸರಿಯಲ್ಲ.

ರಬ್ಬರಿನದೇ ಇನ್ನೊಂದು ಕತೆ. ಸಾಮಾನ್ಯ ರಬ್ಬರ್ ನೀರಿಗೆ ಒಗ್ಗುತ್ತದೆ, ಸೀಮೆಎಣ್ಣೆಗೆ ಬಿದ್ದರೆ ಊದಿಕೊಳ್ಳುತ್ತದೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ತಡೆಯುತ್ತದೆ, ಅಸಿಟೋನಿಗೆ ತಡೆಯುವುದಿಲ್ಲ. ನೆಲ ತೊಳೆಯುವ ಬ್ಲೀಚು ಒಳಗಿನ ಲೋಹದ ಸ್ಪ್ರಿಂಗನ್ನೇ ತಿನ್ನುತ್ತದೆ. ‘ಎಲ್ಲ ದ್ರವಕ್ಕೂ ಒಂದೇ ಪಂಪು’ ಎಂದು ಮಾರುವುದು ಗ್ರಾಹಕನಿಗೆ ಮಾಡುವ ಮೋಸ. ಯಾವ ದ್ರವಕ್ಕೆ ಯಾವ ವಾಷರ್ ಎಂಬುದನ್ನು ಪಂಪಿನ ಮೈಮೇಲೆಯೇ ಅಚ್ಚೊತ್ತಬೇಕು, ಅದೂ ಕನ್ನಡದಲ್ಲಿ.

ಕೈಪಂಪಿನ ವಿಷಯದಲ್ಲಿ ಈ ದೇಶ ಒಮ್ಮೆ ಪಾಠ ಕಲಿತಿದೆ. 1960ರ ದಶಕದ ಬರಗಾಲದ ಬೆನ್ನಲ್ಲೇ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆದು ಎರಕದ ಕಬ್ಬಿಣದ ಪಂಪು ಕೂರಿಸಿದರು. ಒಂದು ಮನೆಯ ಬಳಕೆಗೆಂದು ರೂಪಿಸಿದ್ದ ಅದನ್ನು ಬೆಳಗಿನಿಂದ ಸಂಜೆವರೆಗೆ ಇಡೀ ಊರು ಜಗ್ಗಿತು. 1970ರ ದಶಕದ ಮಧ್ಯದ ಹೊತ್ತಿಗೆ ಬಹುಪಾಲು ಪಂಪುಗಳು ಕೆಟ್ಟು ನಿಂತಿದ್ದವು. ಆಗ ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ ಮಿಷನ್ ಕಾರ್ಯಕರ್ತರು ಉಕ್ಕಿನಿಂದ ಮಾಡಿದ್ದ ಗಟ್ಟಿ ಪಂಪುಗಳತ್ತ ಯುನಿಸೆಫ್ ಮತ್ತು ಸರ್ಕಾರದ ಎಂಜಿನಿಯರುಗಳ ಕಣ್ಣು ಬಿತ್ತು. ಸೊಲ್ಲಾಪುರದ ಪಂಪನ್ನು ಆಧಾರವಾಗಿಟ್ಟುಕೊಂಡು, ಕೊಯಮತ್ತೂರಿನ ಬಳಿಯ ಹಳ್ಳಿಗಳಲ್ಲಿ ಪರೀಕ್ಷಿಸಿ ‘ಇಂಡಿಯಾ ಮಾರ್ಕ್ 2’ ರೂಪಿಸಿದರು. ಈಗಲೂ ನಮ್ಮ ಊರುಗಳ ಬೋರಿಂಗಿನ ಕಟ್ಟೆಯ ಮೇಲೆ ಕಾಣುವ ಪಂಪು ಅದೇ.

ಅದರ ಗೆಲುವಿಗೆ ಉಕ್ಕಿಗಿಂತ ದೊಡ್ಡ ಕಾರಣವಿತ್ತು. ವಿನ್ಯಾಸಕ್ಕೆ ಪೇಟೆಂಟಿನ ಬೇಲಿ ಹಾಕಲಿಲ್ಲ. ಭಾರತೀಯ ಮಾನಕ ಸಂಸ್ಥೆ ಐಎಸ್ 9301 ಎಂಬ ಮಾನದಂಡ ತಂದಿತು. ಯಾವ ಕಾರ್ಖಾನೆಯ ಬಿಡಿಭಾಗವಾದರೂ ಯಾವ ಊರಿನ ಪಂಪಿಗೂ ಕೂರುವಂತಾಯಿತು. ಆಮೇಲೆ ಬಂದ ಮಾರ್ಕ್ 3ರಲ್ಲಿ ಕೊಳವೆಗಳನ್ನೆಲ್ಲ ಹೊರಗೆಳೆಯದೆ ಪಿಸ್ಟನ್ನನ್ನಷ್ಟೇ ಮೇಲೆತ್ತಿ ವಾಷರ್ ಬದಲಿಸುವ ಅನುಕೂಲ ಸೇರಿತು. ಅಗ್ಗ, ಬಾಳಿಕೆ ಎರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಕ್ಯಾನಿನ ಪಂಪಿಗೂ ಇದೇ ಶಿಸ್ತು ಬರಲಿ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚುವಂತಿರಬೇಕು. ವಾಷರ್, ವಾಲ್ವುಗಳ ಅಳತೆ ಎಲ್ಲ ಕಂಪನಿಗೂ ಒಂದೇ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿಷದ ಕ್ಯಾನಿನ ಬಾಯಿಯ ತಿರುಪು ಬೇರೆಯೇ ಇರಬೇಕು. ಆ ಪಂಪು ಬಲವಂತವಾಗಿ ಒತ್ತಿದರೂ ಕುಡಿಯುವ ನೀರಿನ ಕ್ಯಾನಿಗೆ ಕೂರಬಾರದು. ಹೊಲದಿಂದ ಮನೆಗೆ ಬಂದ ಸಾಮಾನು ಅಡುಗೆಮನೆ ಸೇರುವುದು ನಮ್ಮಲ್ಲಿ ಅಪರೂಪವಲ್ಲ. ಬಣ್ಣದ ಗುರುತೊಂದನ್ನೇ ನೆಚ್ಚಿಕೊಂಡರೆ ಮುಸ್ಸಂಜೆಯಲ್ಲಿ ಅದು ಕಾಣುವುದಿಲ್ಲ.

ಇದು ಅತಿಯಾದ ಬೇಡಿಕೆಯೂ ಅಲ್ಲ. ಅತಿ ವಿಷಕಾರಿ ಕೀಟನಾಶಕಗಳನ್ನು ತೆರೆದು ಸುರಿಯದೆ ಮುಚ್ಚಿದ ವ್ಯವಸ್ಥೆಯಲ್ಲೇ ಬೆರೆಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲೇ ನಿಯಮ ಬಂತು. ಯುರೋಪಿನಲ್ಲಿ ಕಂಪನಿಗಳೇ ಸೇರಿ 63 ಮಿಲಿಮೀಟರಿನ ಒಂದೇ ಅಳತೆಯ ಮುಚ್ಚಳಕ್ಕೆ ಹೊಂದುವ ಜೋಡಣೆ ತಂದಿವೆ. ಅವು ಟ್ರ್ಯಾಕ್ಟರಿನ ದೊಡ್ಡ ಟ್ಯಾಂಕಿಗೆ ತಕ್ಕವು, ದುಬಾರಿ. ಬೆನ್ನಿಗೆ ಪಂಪು ಹೊತ್ತ ಎರಡು ಎಕರೆಯ ರೈತನಿಗೆ ತಕ್ಕದ್ದನ್ನು ಇಲ್ಲಿಯ ಎಂಜಿನಿಯರಿಂಗ್ ಕಾಲೇಜುಗಳು, ಹುಬ್ಬಳ್ಳಿ, ಪೀಣ್ಯಗಳ ಸಣ್ಣ ಕಾರ್ಖಾನೆಗಳು ಮಾಡಬಲ್ಲವು. ಅಚ್ಚು ಹೊಯ್ಯುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ.

ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಂಪಡಿಸುವ ಯಂತ್ರಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ. ಆ ಯಂತ್ರಕ್ಕೆ ತುಂಬುವ ವಿಷವನ್ನು ಅಳೆಯುವ ಸಾಧನಕ್ಕೂ ಅದೇ ಪಟ್ಟಿಯಲ್ಲಿ ಜಾಗ ಸಿಗಬೇಕು. ಕೃಷಿ ಇಲಾಖೆ ಮಾನಕ ಸಂಸ್ಥೆಯನ್ನು ಕೂಡಿಕೊಂಡು ಅಳತೆಗಳನ್ನು ಗೊತ್ತುಮಾಡಲಿ, ಕೀಟನಾಶಕ ಕಂಪನಿಗಳು ಪ್ರತಿ ಲೀಟರ್ ಬಾಟಲಿಗೂ ಆ ಅಳತೆಯ ಬಾಯಿ ಕೊಡುವಂತೆ ಮಾಡಲಿ.